ಬಣ್ಣಕ್ಕೆ ಮೊದಲು ಪ್ರೈಮರ್: ಯಾವ ಮೈಗೆ ಯಾವುದು

ಪ್ರೈಮರ್, ಅಂದರೆ ಬಣ್ಣ ಹಿಡಿದು ಕೂರಲೆಂದು ಅದಕ್ಕೆ ಮೊದಲು ಬಳಿಯುವ ತಳಲೇಪ, ಆರಿಸುವಾಗ ಮೇಲೆ ಬರುವ ಬಣ್ಣಕ್ಕಿಂತ ಅದು ಕೂರಬೇಕಾದ ಮೈಯನ್ನು ಮೊದಲು ಪರೀಕ್ಷಿಸಬೇಕು. ಗೋಡೆಗೆ ಚಿಮುಕಿಸಿದ ನೀರು ಥಟ್ಟನೆ ಇಂಗಿದರೆ, ಅಥವಾ ಅಂಗೈಯಿಂದ ಸವರಿದಾಗ ಪುಡಿ ಅಂಟಿದರೆ, ಪ್ರೈಮರ್ ಬೇಕೇ ಬೇಕು; ಅಂಥ ಗೋಡೆ ಬಣ್ಣವನ್ನು ಒಂದೊಂದು ಕಡೆ ಒಂದೊಂದು ಪ್ರಮಾಣದಲ್ಲಿ ಹೀರಿಕೊಳ್ಳುವುದರಿಂದ ಹೊಳಪು ತೇಪೆತೇಪೆಯಾಗಿ ಕಾಣುತ್ತದೆ. ಆದರೆ ಪುಡಿಯನ್ನು ಕೆರೆದು, ತೊಳೆದು, ಒಣಗಿಸದೆ ಹಚ್ಚಿದ ಪ್ರೈಮರ್ ಧೂಳನ್ನು ಹಿಡಿದುಕೊಳ್ಳುತ್ತದೆಯೇ ಹೊರತು ಗೋಡೆಯನ್ನಲ್ಲ. ಹಳೆಯ ಬಣ್ಣ ಗಟ್ಟಿಯಾಗಿದ್ದು, ಅದೇ ಬಗೆಯ, ಹತ್ತಿರದ ಛಾಯೆಯ ಬಣ್ಣವನ್ನೇ ಮತ್ತೆ ಬಳಿಯುವುದಾದರೆ ಪ್ರೈಮರ್ ಬಹುಮಟ್ಟಿಗೆ ಅನಗತ್ಯ ಖರ್ಚು.

ಹೊಸ ಸಿಮೆಂಟ್ ಗಾರೆಯನ್ನು ಸಾಮಾನ್ಯವಾಗಿ 28 ದಿನಗಳಾದರೂ ಹಾಗೆಯೇ ಬಿಡಬೇಕು. ಹಸಿ ಗಾರೆಯ ತೇವದೊಂದಿಗೆ ಹೊರಬರುವ ಕ್ಷಾರವು ಬಣ್ಣವನ್ನು ಕೆಡಿಸುವುದರಿಂದ, ಆಮೇಲೂ ಕ್ಷಾರ ತಡೆಯುವ ಪ್ರೈಮರನ್ನೇ ಬಳಸುವುದು ಒಳ್ಳೆಯದು. ನೀರು ಒಸರುವ ಗೋಡೆಗಂತೂ ಯಾವ ಪ್ರೈಮರೂ ಮದ್ದಲ್ಲ. ಮೊದಲು ಸೋರಿಕೆ ನಿಲ್ಲಬೇಕು.

ಮರದ ಕೆಲಸಕ್ಕೆ ಹೆಚ್ಚು ತಾಳ್ಮೆ ಬೇಕು. ಎಳೆಯ ದಿಕ್ಕಿನಲ್ಲೇ ಉಜ್ಜಿ, ಪುಡಿ ಒರೆಸಿ, ಗಂಟುಗಳಿರುವ ಕಡೆ ಅರಗಿನಿಂದ ತಯಾರಿಸಿದ ಶೆಲ್ಯಾಕ್ ಪ್ರೈಮರ್ ಹಚ್ಚಬೇಕು; ಇಲ್ಲವಾದರೆ ಒಳಗಿನ ರಾಳ ಒಸರಿ, ತಿಳಿ ಬಣ್ಣದ ಮೇಲೆ ಹಳದಿ ಕಲೆಯಾಗಿ ಮೂಡುತ್ತದೆ. ನೀರು ಬೆರೆಸುವ ಪ್ರೈಮರ್ ಮರದ ಎಳೆಗಳನ್ನು ಎಬ್ಬಿಸುವುದರಿಂದ, ಅದು ಒಣಗಿದ ಮೇಲೆ 220 ನಂಬರಿನ ನಯವಾದ ಸ್ಯಾಂಡ್‌ಪೇಪರಿನಿಂದ ಹಗುರವಾಗಿ ಉಜ್ಜಬೇಕಾಗುತ್ತದೆ. ಬಾಗಿಲಿನ ತಲೆ ಮತ್ತು ಬುಡದ ಅಂಚುಗಳು ಯಾರ ಕಣ್ಣಿಗೂ ಬೀಳದ ಕಾರಣ ಅವನ್ನು ಬಿಟ್ಟುಬಿಡುವವರೇ ಹೆಚ್ಚು. ತೇವ ಒಳನುಗ್ಗಿ ಬಾಗಿಲು ಉಬ್ಬುವುದು ಅಲ್ಲಿಂದಲೇ.

ಕಬ್ಬಿಣದ ಸಡಿಲ ತುಕ್ಕನ್ನು ತಂತಿಯ ಬ್ರಷ್‌ನಿಂದ ತೆಗೆದು, ಜಿಡ್ಡು ಒರೆಸಿ, ಅದೇ ದಿನ ತುಕ್ಕು ನಿರೋಧಕ ಪ್ರೈಮರ್ ಹಚ್ಚಬೇಕು, ಏಕೆಂದರೆ ಬರಿಯ ಕಬ್ಬಿಣ ತೇವದ ಗಾಳಿಗೆ ಬೇಗನೆ ಮತ್ತೆ ತುಕ್ಕು ಹಿಡಿಯುತ್ತದೆ. ಸತುವಿನ ಲೇಪನವಿರುವ ತಗಡಿಗೆ ಸಾಮಾನ್ಯ ಪ್ರೈಮರ್ ಸರಿಯಾಗಿ ಕಚ್ಚದ ಕಾರಣ, ಅದಕ್ಕೆಂದೇ ತಯಾರಿಸಿದ್ದನ್ನು ಕೊಳ್ಳಬೇಕು.

ಹಳೆಯ ಎನಾಮಲ್ ಬಣ್ಣದ ನುಣುಪನ್ನು ಉಜ್ಜಿ ಮಂಕು ಮಾಡಿದರೆ ಮಾತ್ರ ಪ್ರೈಮರಿಗೆ ಹಿಡಿತ ಸಿಗುತ್ತದೆ. ಬಹಳ ಹಳೆಯ ಬಣ್ಣಗಳಲ್ಲಿ ಸೀಸವಿರುವ ಸಾಧ್ಯತೆಯಿರುವುದರಿಂದ, ಪರೀಕ್ಷೆ ಮಾಡಿಸದೆ ಅವನ್ನು ಉಜ್ಜಿ ಧೂಳೆಬ್ಬಿಸಬಾರದು.

ಹಚ್ಚುವಾಗ ಡಬ್ಬಿಯ ತಳದಲ್ಲಿ ಕೂತ ಗಸಿಯನ್ನು ಚೆನ್ನಾಗಿ ಕಲಕಿ, ಅದರ ಮೇಲೆ ಸೂಚಿಸಿದಷ್ಟೇ ನೀರು ಅಥವಾ ತಿನ್ನರ್ ಬೆರೆಸಬೇಕು. ಅಂಚುಗಳನ್ನು ಬ್ರಷ್‌ನಿಂದ ಮುಗಿಸಿ, ಉಳಿದುದಕ್ಕೆ ರೋಲರ್‌ನಿಂದ ತೆಳುವಾಗಿ ಹರಡಬೇಕು. ಪೂರ್ತಿ ಒಣಗಿದ ಮೇಲೆ, ಡಬ್ಬಿಯಲ್ಲಿ ಹೇಳಿದ ಅವಧಿಯೊಳಗೆ ಬಣ್ಣ ಬಳಿಯಬೇಕು. ಹೊರಗಿನ ಗೋಡೆಯಲ್ಲಿ ಪ್ರೈಮರನ್ನು ವಾರಗಟ್ಟಲೆ ಬಿಸಿಲು ಮಳೆಗೆ ಬಿಟ್ಟರೆ ಅದೇ ಪುಡಿಯಾಗತೊಡಗುತ್ತದೆ.