44ಕ್ಕೆ ಸರ್ಕಾರಿ ನೌಕರಿ ಬಿಟ್ಟೆ, ಎನ್‌ಪಿಎಸ್ ದುಡ್ಡು ಮುಟ್ಟಲಿಲ್ಲ: ನನ್ನ ಅನುಭವ

ಹಾವೇರಿ ಜಿಲ್ಲೆಯಲ್ಲಿ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಆಗಿ 17 ವರ್ಷ ಕೆಲಸ ಮಾಡಿ, 2025ರ ಫೆಬ್ರವರಿ ಕೊನೆಗೆ ಹೊರಗೆ ಬಂದೆ. ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ಯೋಜನೆ) ಖಾತೆಯಲ್ಲಿದ್ದ ದುಡ್ಡಿನಲ್ಲಿ ಒಂದು ರೂಪಾಯಿನೂ ತೆಗೆದಿಲ್ಲ. 60 ಆಗೋವರೆಗೆ ತೆಗೆಯೋದೂ ಇಲ್ಲ. ಆಗ ಆಫೀಸಿನಲ್ಲಿ "ಹುಚ್ಚ ಹಿಡದೈತೇನೋ ನಿನಗ" ಅಂದವರೇ ಈಗ ಫೋನ್ ಮಾಡಿ ಹೇಗೆ ಮಾಡಿದೆ ಅಂತ ಕೇಳ್ತಿದ್ದಾರೆ. ಒಬ್ಬೊಬ್ಬರಿಗೆ ಹೇಳಿ ಸಾಕಾಯ್ತು, ಅದಕ್ಕೇ ಬರೀತಿದ್ದೇನೆ. 2006ರ ಏಪ್ರಿಲ್ 1 ಅಥವಾ ಅದರ ನಂತರ ಸೇರಿದ ರಾಜ್ಯ ಸರ್ಕಾರಿ ನೌಕರರಿಗೆ ಮಾತ್ರ ಇದು. ಪ್ರಾನ್ ಅಂದ್ರೆ ನಮ್ಮ ಎನ್‌ಪಿಎಸ್ ಖಾತೆ ಸಂಖ್ಯೆ, ಡಿಡಿಓ ಅಂದ್ರೆ ಕಚೇರಿಯಲ್ಲಿ ನಮ್ಮ ಸಂಬಳದ ಬಿಲ್ ಮಾಡೋ ಅಧಿಕಾರಿ.

ಬಿಡೋಕೆ ಕಾರಣ ಏನು ಅಂತ ಎಲ್ಲರೂ ಕೇಳ್ತಾರೆ. ರಾಣೆಬೆನ್ನೂರು ತಾಲ್ಲೂಕಿನಲ್ಲಿ ಅಪ್ಪನ ಹೊಲ ಇದೆ, ಬೀಜೋತ್ಪಾದನೆ ಮಾಡಬೇಕು ಅಂತ ಬಹಳ ವರ್ಷದ ಆಸೆ. ಅಷ್ಟೇ. ಮೇಲಿನವರ ಜೊತೆ ಜಗಳ ಗಿಗಳ ಏನಿಲ್ಲ.

ಮೊದಲು ಲೆಕ್ಕ ನೋಡಿ. ಬಿಡುವಾಗ ನನ್ನ ಪ್ರಾನ್‌ನಲ್ಲಿ ಹೆಚ್ಚುಕಡಿಮೆ 26 ಲಕ್ಷ ಇತ್ತು. ತಿಂಗಳ ಸಂಬಳದ ಮೇಲೆ ನಮ್ಮ ಪಾಲು ಶೇ. 10, ಸರ್ಕಾರದ್ದು ಮೊದಲು 10, ಆಮೇಲೆ 14. ವಯೋನಿವೃತ್ತಿಗೆ ಮೊದಲೇ ಖಾತೆ ಮುಚ್ಚಿದರೆ ಶೇ. 80 ಆನ್ಯುಟಿಗೆ (ವಿಮಾ ಕಂಪನಿಯಿಂದ ತಿಂಗಳ ಪಿಂಚಣಿ ಕೊಳ್ಳೋಕೆ) ಹೋಗಬೇಕು, ಕೈಗೆ ಸಿಗೋದು ಶೇ. 20 ಮಾತ್ರ. ಅಂದ್ರೆ ನನಗೆ ಕೈಗೆ 5 ಲಕ್ಷದ ಮೇಲೆ ಸ್ವಲ್ಪ, ಉಳಿದ 21 ಲಕ್ಷದ ಹತ್ತಿರದ್ದಕ್ಕೆ ಶೇ. ಆರೂವರೆ ಹಿಡಿದ್ರೂ ತಿಂಗಳಿಗೆ 11 ಸಾವಿರ ಚಿಲ್ಲರೆ. ಅದೂ ಜೀವಮಾನವಿಡೀ ಅಷ್ಟೇ, ಡಿಎ (ತುಟ್ಟಿಭತ್ಯೆ) ಇಲ್ಲ, ಏರಿಕೆ ಇಲ್ಲ. 44ನೇ ವಯಸ್ಸಿಗೆ 11 ಸಾವಿರಕ್ಕೆ ಗೂಟ ಹೊಡೆದುಕೊಂಡು ಕೂತರೆ 70ನೇ ವಯಸ್ಸಿಗೆ ಅದಕ್ಕೆ ಏನು ಬರುತ್ತೆ?

ಅದೇ ದುಡ್ಡನ್ನ ಮುಟ್ಟದೆ 16 ವರ್ಷ ಬಿಟ್ಟರೆ, ಶೇ. 8ರ ಲೆಕ್ಕ ಹಿಡಿದರೂ 88-89 ಲಕ್ಷ ಆಗುತ್ತೆ. ಆಗಿದ್ದ ನಿಯಮದಂತೆ 60ಕ್ಕೆ ಅದರಲ್ಲಿ ಶೇ. 60 ಕೈಗೆ, 40 ಆನ್ಯುಟಿಗೆ. ಕೈಗೆ 50 ಲಕ್ಷದ ಮೇಲೆ, ಪಿಂಚಣಿ 19 ಸಾವಿರದ ಆಸುಪಾಸು. ಶೇ. 8 ಬರುತ್ತೆ ಅಂತ ಯಾರೂ ಬಾಂಡ್ ಬರೆದುಕೊಟ್ಟಿಲ್ಲ, ಗೊತ್ತು. ಆದ್ರೆ ಈಗಲೇ ಮುಚ್ಚಿದರೆ ನಷ್ಟ ಅನ್ನೋದು ಖಾತ್ರಿ, ಬಿಟ್ಟರೆ ಲಾಭದ ಸಾಧ್ಯತೆ. ಇಷ್ಟು ಸರಳ ಲೆಕ್ಕವನ್ನ ನಮ್ಮ ಲೆಕ್ಕಶಾಖೆಯವರಿಗೆ ಅರ್ಥ ಮಾಡಿಸೋಕೆ ನನಗೆ ತಿಂಗಳುಗಟ್ಟಲೆ ಬೇಕಾಯ್ತು. "ನೌಕರಿ ಬಿಟ್ಟ ಮೇಲೆ ಖಾತೆ ಮುಚ್ಚಲೇಬೇಕು" ಅಂತ ಎಲ್ಲರೂ ನಂಬಿಕೊಂಡಿದ್ದರು. ಹಾಗೆ ಎಲ್ಲೂ ಇಲ್ಲ. ಪ್ರಾನ್ ನಮ್ಮದು, ಇಲಾಖೆಯದ್ದಲ್ಲ.

ಇನ್ನೊಂದು ದೊಡ್ಡ ವಾದ ಓಪಿಎಸ್‌ದು, ಅಂದ್ರೆ ಹಳೇ ಪಿಂಚಣಿ ಯೋಜನೆಯದು. "ನಾಳೆ ಹಳೇ ಪಿಂಚಣಿ ಬಂದ್ರ ನೀ ಹೊರಗ ನಿಂತು ನೋಡಬೇಕಾಗತೈತಿ" ಅಂತ. 2022ರ ಡಿಸೆಂಬರ್‌ನಲ್ಲಿ ಫ್ರೀಡಂ ಪಾರ್ಕಿನಲ್ಲಿ ಧರಣಿ ನಡೆದಾಗ ನಾನೂ ರೈಲು ಹತ್ತಿ ಹೋಗಿ ಕೂತು ಬಂದವನೇ. 2024ರ ಜನವರಿಯಲ್ಲಿ ಸುಮಾರು 13 ಸಾವಿರ ಮಂದಿಗೆ ಓಪಿಎಸ್ ಸಿಕ್ಕಿತು. ಅವರ ನೇಮಕಾತಿ ಅಧಿಸೂಚನೆ 2006ರ ಏಪ್ರಿಲ್‌ಗಿಂತ ಮೊದಲಿನದು, ಅದಕ್ಕೆ. ನಮ್ಮ ಆಫೀಸಿನಲ್ಲೂ ಒಬ್ಬರಿಗೆ ಬಂತು, ಪೇಡೆ ಹಂಚಿದರು, ತಿಂದೆವು. ನನ್ನ ಬ್ಯಾಚಿಗೆ ಬರುತ್ತೆ ಅಂತ ಕಾದು ಕೂರೋದು ನನ್ನ ಸ್ವಭಾವ ಅಲ್ಲ.

ಈಗ ಬಿಟ್ಟದ್ದು ಹೇಗೆ. ರಾಜೀನಾಮೆ ಕೊಡಬೇಡಿ. ರಾಜೀನಾಮೆ ಕೊಟ್ಟರೆ ಹಿಂದಿನ ಸೇವೆಗೆ ಎಳ್ಳುನೀರು. 15 ವರ್ಷ ಅರ್ಹ ಸೇವೆ ಆಗಿದ್ದರೆ ಕೆಸಿಎಸ್‌ಆರ್ (ಕರ್ನಾಟಕ ನಾಗರಿಕ ಸೇವಾ ನಿಯಮಗಳು) 285ರ ಅಡಿ ಮೂರು ತಿಂಗಳ ನೋಟಿಸ್ ಕೊಟ್ಟು ಸ್ವಯಂ ನಿವೃತ್ತಿ ಕೇಳಿ. ನಾನು ಹಾಗೇ ಮಾಡಿದೆ. ಮೊದಲ ಅರ್ಜಿ ವಾಪಸ್ ಬಂತು. ಕಾರಣ ಏನಂದ್ರೆ ಎನ್‌ಪಿಎಸ್‌ನವರಿಗೆ ಸ್ವಯಂ ನಿವೃತ್ತಿ ಅನ್ವಯಿಸಲ್ಲ ಅಂತ ಯಾರೋ ಟಿಪ್ಪಣಿ ಹಾಕಿದ್ದರು. ಎರಡನೇ ಸಲ ಅರ್ಜಿಯ ಜೊತೆ ಒಂದು ಪುಟದ ವಿವರಣೆ ಇಟ್ಟೆ, ಪಾಸಾಯ್ತು. ಆ ಪುಟದಲ್ಲಿ ಏನು ಬರೆದಿದ್ದೆ ಅನ್ನೋದನ್ನ ಇಲ್ಲಿ ಹಾಕಲ್ಲ. ಮುಖಾಮುಖಿ ಸಿಕ್ಕರೆ, ಚಹಾ ಕುಡಿಸಿದರೆ ಹೇಳ್ತೇನೆ.

ಸಮಯ ನೋಡಿಕೊಂಡೆ ಅನ್ನೋದನ್ನ ಸ್ವಲ್ಪ ಹೆಮ್ಮೆಯಿಂದಲೇ ಹೇಳ್ತೇನೆ. ಗೆಳೆಯರೆಲ್ಲ ಬಿಡೋದಾದ್ರೆ 2023ರಲ್ಲೇ ಬಿಡು ಅಂದಿದ್ದರು. ನಾನು 7ನೇ ವೇತನ ಆಯೋಗದ ಸಂಬಳ ಬರಲಿ ಅಂತ ಕಾದೆ. 2024ರ ಆಗಸ್ಟ್‌ನಿಂದ ಜಾರಿ ಆಯ್ತು, ಹಳೇ ಮೂಲ ವೇತನಕ್ಕೆ ಅದರ ಶೇ. 31 ಡಿಎ, ಜೊತೆಗೆ ಅದರದ್ದೇ ಶೇ. ಇಪ್ಪತ್ತೇಳೂವರೆ ಫಿಟ್‌ಮೆಂಟ್ (ಹೆಚ್ಚಳ) ಸೇರಿಸಿ. ಗ್ರಾಚ್ಯುಟಿ, ಗಳಿಕೆ ರಜೆ ನಗದೀಕರಣ ಎಲ್ಲ ಕೊನೆಯ ಸಂಬಳದ ಮೇಲೆ ತಾನೇ? ಮೂಲ ವೇತನ 58 ಸಾವಿರದ ಹತ್ತಿರ ಬಂದ ಮೇಲೆ ನವೆಂಬರ್‌ನಲ್ಲಿ ನೋಟಿಸ್ ಕೊಟ್ಟೆ. ಗ್ರಾಚ್ಯುಟಿ ಐದೂವರೆ ಲಕ್ಷಕ್ಕೆ ಸ್ವಲ್ಪ ಕಮ್ಮಿ, ರಜೆಯದ್ದು ನಾಲ್ಕು ಲಕ್ಷದ ಮೇಲೆ, ಗುಂಪು ವಿಮೆಯದ್ದು ಚಿಲ್ಲರೆ. ಎಲ್ಲ ಸೇರಿ 10 ಲಕ್ಷ ಅಂತ ಇಟ್ಟುಕೊಳ್ಳಿ. ರಜೆ ಉಳಿಸಿದ್ದೇ ಉಪಯೋಗಕ್ಕೆ ಬಂತು. ಸುಮ್ನೆ ಸುಮ್ನೆ ಗಳಿಕೆ ರಜೆ ಹಾಕುವವರು ಇದನ್ನ ಓದಿಕೊಳ್ಳಿ.

ಕೈಗೆ ಬಂದದ್ದು ಮಾತ್ರ ಬಹಳ ತಡವಾಗಿ. ಸೇವಾ ಪುಸ್ತಕದಲ್ಲಿ ಒಂದು ಹಳೇ ವರ್ಗಾವಣೆಯ ಸಮಯದ ನಮೂದು ಇರಲಿಲ್ಲ. ಆ ಹಳೇ ಕಚೇರಿಗೆ ಹೋದರೆ ಕಡತ ಇಲ್ಲ, ಕಡತ ನೋಡುತ್ತಿದ್ದವರೂ ಇಲ್ಲ. ಹಾಜರಾತಿ ಪುಸ್ತಕದ ಪುಟ ಹುಡುಕಿ, ಜೆರಾಕ್ಸ್ ಮಾಡಿಸಿ, ಸಹಿ ಹಾಕಿಸೋಕೆ ಒಂದೂವರೆ ತಿಂಗಳು ಹೋಯ್ತು. ಕೆಜಿಐಡಿ (ಸರ್ಕಾರಿ ವಿಮಾ ಇಲಾಖೆ) ಸಾಲ ಬಾಕಿ ಇತ್ತು, ತೀರಿಸಿದ ಮೇಲೇ ಬೇಬಾಕಿ ಪ್ರಮಾಣಪತ್ರ ಸಿಕ್ಕಿದ್ದು. ಆಸ್ತಿ ಹೊಣೆಗಾರಿಕೆ ಪಟ್ಟಿ ಒಂದು ವರ್ಷದ್ದು ಬಾಕಿ ಅಂತ ಇನ್ನೊಂದು ಮೇಜಿನಲ್ಲಿ ನಿಲ್ಲಿಸಿದರು, ಕೊಟ್ಟ ಸ್ವೀಕೃತಿ ನನ್ನ ಹತ್ತಿರ ಇದ್ದದ್ದಕ್ಕೆ ಬಚಾವ್. ಬಿಡಬೇಕು ಅಂತ ಮನಸ್ಸಿದ್ದರೆ ಒಂದು ವರ್ಷ ಮೊದಲೇ ಸೇವಾ ಪುಸ್ತಕವನ್ನ ಮೊದಲ ಪುಟದಿಂದ ಕೊನೆಯವರೆಗೆ ನೀವೇ ಕೂತು ನೋಡಿ.

ಪ್ರಾನ್ ವಿಷಯಕ್ಕೆ ಬರ್ತೇನೆ, ಅಸಲು ಕೆಲಸ ಅದೇ. ಸರ್ಕಾರಿ ವಲಯದಿಂದ ಆಲ್ ಸಿಟಿಜನ್ (ಯಾವ ನಾಗರಿಕರಾದರೂ ಸೇರಬಹುದಾದ) ಮಾದರಿಗೆ ಖಾತೆ ಬದಲಾಯಿಸಬೇಕು. ಇಂಟರ್ ಸೆಕ್ಟರ್ ಶಿಫ್ಟಿಂಗ್ ಅಂತಾರೆ, ಐಎಸ್‌ಎಸ್ ಫಾರ್ಮ್. ಬ್ಯಾಂಕ್ ಮೂಲಕ ಆಗುತ್ತೆ. ಹಾವೇರಿಯ ಒಂದು ಬ್ಯಾಂಕಿನಲ್ಲಿ ಕೇಳಿದರೆ "ಇದು ಸರ್ಕಾರಿ ಪ್ರಾನ್, ನಿಮ್ಮ ಡಿಡಿಓ ಹತ್ತಿರ ಹೋಗಿ" ಅಂದರು. ಡಿಡಿಓ ಹತ್ತಿರ ಹೋದರೆ ನಿರ್ಗಮನದ ಫಾರ್ಮ್ ಕೈಗೆ ಕೊಟ್ಟರು. ಅದಕ್ಕೆ ಸಹಿ ಹಾಕಿದ್ದರೆ ಕಥೆ ಮುಗೀತಿತ್ತು, 80-20. ಮತ್ತೆ ಬ್ಯಾಂಕು, ಮತ್ತೆ ಡಿಡಿಓ. ಕೊನೆಗೆ ಹುಬ್ಬಳ್ಳಿಯ ಒಂದು ಶಾಖೆಯಲ್ಲಿ ಒಬ್ಬ ಹುಡುಗ ಸಿಕ್ಕಿದ, ಹೊಸದಾಗಿ ಸೇರಿದವನು, ಸುತ್ತೋಲೆ ತೆಗೆದು ಓದಿ ಅರ್ಧ ತಾಸಿನಲ್ಲಿ ಅರ್ಜಿ ತಗೊಂಡ. ಯಾವ ಶಾಖೆ ಅಂತ ಕೇಳಬೇಡಿ, ಎಲ್ಲರೂ ಹೋಗಿ ಅವನ ತಲೆ ತಿನ್ನೋದು ಬೇಡ.

ಆದ್ರೆ ಒಂದು ಮಾತು ಮಾತ್ರ ಬಿಚ್ಚಿ ಹೇಳ್ತೇನೆ. ಕೊನೆಯ ತಿಂಗಳ ಸಂಬಳದ ಕಡಿತ, ಡಿಎ ಬಾಕಿಯ ಕಡಿತ, ಸರ್ಕಾರದ ವಂತಿಗೆ ಎಲ್ಲ ಖಾತೆಗೆ ಬಿದ್ದ ಮೇಲೇ ಐಎಸ್‌ಎಸ್ ಕೊಡಿ. ಖಾತೆ ಒಮ್ಮೆ ಬದಲಾದರೆ ಇಲಾಖೆಯ ಕಡೆಯಿಂದ ದುಡ್ಡು ಹಾಕೋಕೆ ಆಗಲ್ಲ, ತಿರುಗಿ ಹೋಗುತ್ತೆ. ನಾನು ಖಾತೆಯ ವಿವರ ಪತ್ರ ತೆಗೆದು ಸಂಬಳದ ಚೀಟಿ ಜೊತೆ ಸಾಲು ಸಾಲು ಹೋಲಿಸಿದೆ. ಹಳೇ ಬಾಕಿ ವಂತಿಗೆಯ (ಬ್ಯಾಕ್‌ಲಾಗ್) ಕಂತುಗಳಲ್ಲಿ ಎರಡು ಮೂರು ಬಿದ್ದೇ ಇರಲಿಲ್ಲ! ಚಲನ್ ಇದ್ದದ್ದಕ್ಕೆ ಸರಿ ಹೋಯ್ತು. ಮೊತ್ತ ದೊಡ್ಡದಲ್ಲ, ಆದ್ರೆ ಅಷ್ಟು ಹಳೇ ದುಡ್ಡು ಬಡ್ಡಿ ಸಮೇತ ಬೆಳೆಯೋದು ಬೇಕಲ್ವಾ.

ಬದಲಾದ ಮೇಲೆ ಸಿಕ್ಕ ಲಾಭ ಅಂದ್ರೆ ಹೂಡಿಕೆಯ ಸ್ವಾತಂತ್ರ್ಯ. ಸರ್ಕಾರಿ ಡೀಫಾಲ್ಟ್‌ನಲ್ಲಿ ಎಸ್‌ಬಿಐ, ಎಲ್‌ಐಸಿ, ಯುಟಿಐ ಮೂರರಲ್ಲಿ ಹಂಚಿ, ಷೇರಿಗೆ ಆಗ ಹೆಚ್ಚೆಂದರೆ ಶೇ. 15 ಇತ್ತು. ಈಗ ಆಕ್ಟಿವ್ ಚಾಯ್ಸ್‌ನಲ್ಲಿ (ಹಂಚಿಕೆ ನಾವೇ ಆರಿಸೋದು) ಷೇರಿಗೆ 75ರವರೆಗೂ ಇಡಬಹುದು. ನಾನು 50 ಇಟ್ಟಿದ್ದೇನೆ. ಪೂರ್ತಿ 75 ಇಡು ಅಂತ ತಮ್ಮ ಹೇಳ್ತಾನೆ, ಅವನಿಗೇನು, ಅವನ ದುಡ್ಡಲ್ಲ. ವರ್ಷಕ್ಕೆ ಕನಿಷ್ಠ ಸಾವಿರ ರೂಪಾಯಿ ಹಾಕಿ ಖಾತೆ ಜೀವಂತ ಇಡಬೇಕು, ಅದು ಮರೀಬೇಡಿ. ಇನ್ನು 2025ರ ಡಿಸೆಂಬರ್‌ನಲ್ಲಿ ನಿಯಮ ಬದಲಾಗಿ, ಸರ್ಕಾರೇತರ ಚಂದಾದಾರರಿಗೆ 60ಕ್ಕೆ ಶೇ. 80ರವರೆಗೆ ಕೈಗೆ, 20 ಆನ್ಯುಟಿ ಅಂತ ಆಯ್ತು. ನಾನು ವಲಯ ಬದಲಾಯಿಸಿ ಕೂತಿದ್ದೆ, ತಾನಾಗೇ ಬಂತು. ಇದನ್ನ ನಾನು ಮೊದಲೇ ಊಹಿಸಿದ್ದೆ ಅಂತ ಆಫೀಸಿನವರ ಮುಂದೆ ಹೇಳಿಕೊಂಡಿದ್ದೇನೆ, ನಿಜ ಅಲ್ಲ.

ಈಗ ನಡುವಿನ 16 ವರ್ಷ ಹೊಟ್ಟೆಗೆ ಏನು? 10 ಲಕ್ಷ ಬಂತಲ್ಲ, ಅದರಲ್ಲಿ 9 ಲಕ್ಷ ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆಗೆ. ಒಬ್ಬರ ಹೆಸರಿಗೆ ಅಷ್ಟೇ ಮಿತಿ. ಶೇ. 7.4, ತಿಂಗಳಿಗೆ 5,550. ಹಿರಿಯ ನಾಗರಿಕರ ಯೋಜನೆಗೆ ಹಾಕಿ ಅಂತ ಒಬ್ಬ ಏಜೆಂಟ್ ಹಿಂದೆ ಬಿದ್ದಿದ್ದ, ನಿವೃತ್ತರಾದರೂ 55 ಆಗಿರಬೇಕು ಅನ್ನೋದು ಅವನಿಗೇ ಗೊತ್ತಿರಲಿಲ್ಲ. ಮೊದಲೇ ಕೂಡಿಟ್ಟ 6 ಲಕ್ಷ ಎಫ್‌ಡಿಯಲ್ಲಿದೆ. ಮನೆ ಸ್ವಂತದ್ದು. ತಿಂಗಳ ಖರ್ಚು 30-32 ಸಾವಿರ. ಉಳಿದದ್ದು ಹೊಲದಿಂದ ಬರಬೇಕು.

ನೌಕರಿಯಲ್ಲಿರುವಾಗಲೇ ಮಾಡಿದ ಇನ್ನೊಂದು ಕೆಲಸ, ಟರ್ಮ್ ವಿಮೆ. ಸೇವೆಯಲ್ಲಿರುವಾಗ ಏನಾದ್ರೂ ಆದರೆ ಅನುಕಂಪದ ನೌಕರಿ ಅಂತ ಮನೆಯವರಿಗೆ ಒಂದು ಆಸರೆ ಇರುತ್ತೆ, ಬಿಟ್ಟ ಮೇಲೆ ಇಲ್ಲ. ಸಂಬಳದ ಚೀಟಿ ಕೈಯಲ್ಲಿದ್ದಾಗ ಒಂದು ಕೋಟಿಯ ಪಾಲಿಸಿ ಸಲೀಸಾಗಿ ಸಿಗುತ್ತೆ, ರೈತ ಅಂತ ಬರೆದು ಕೇಳಿ ನೋಡಿ, ನೂರೆಂಟು ಪ್ರಶ್ನೆ. ಆರೋಗ್ಯ ವಿಮೆ ಮನೆಯವರಿಗೆಲ್ಲ ಸೇರಿ 10 ಲಕ್ಷದ್ದು, ವರ್ಷಕ್ಕೆ 28 ಸಾವಿರದ ಹತ್ತಿರ. 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ತೆಗೆದ ಮೇಲೆ ನವೀಕರಣಕ್ಕೆ ಸ್ವಲ್ಪ ಹಗುರ ಆಯ್ತು.

ಹೊಲದ ಕಥೆ. ನೆರಳು ಪರದೆ ಕಟ್ಟಿ ಟೊಮೆಟೊ ಹೈಬ್ರಿಡ್ ಬೀಜ, ಕಂಪನಿ ಒಪ್ಪಂದ. ಸಂಜೆ ಹೊತ್ತಿಗೆ, ನಾಳೆ ಅರಳೋ ಮೊಗ್ಗನ್ನ ಬೆರಳ ನಡುವೆ ಹಿಡಿದು ಚಿಮಟದಿಂದ ಪರಾಗಕೋಶದ ಹಳದಿ ಕೊಳವೆಯನ್ನ ಎಳೆದು ತೆಗೀಬೇಕು, ಒಳಗಿನ ಶಲಾಕೆ (ಹೆಣ್ಣು ಭಾಗದ ಸಣ್ಣ ಕಡ್ಡಿ) ಮುರೀಬಾರದು. ಮರುದಿನ ಬೆಳಿಗ್ಗೆ ಗಂಡು ಗಿಡದ ಪರಾಗ ಮುಟ್ಟಿಸಿ, ಗುರುತಿಗೆ ಎರಡು ಪುಷ್ಪಪತ್ರ (ಹೂವಿನ ಬುಡದ ಹಸಿರೆಲೆ) ಕತ್ತರಿಸಬೇಕು. ನಮ್ಮೂರ ಹೆಣ್ಣುಮಕ್ಕಳು ಮಾತಾಡ್ತಾ ಮಾತಾಡ್ತಾ ಇದನ್ನ ಮಾಡ್ತಾರೆ. ನನಗೆ ಕನ್ನಡಕ ಇದ್ದರೂ ಹತ್ತು ಮೊಗ್ಗಿನಲ್ಲಿ ನಾಲ್ಕು ಹಾಳು. ಮೊದಲ ಬೆಳೆಯ ದುಡ್ಡು ಕೈಗೆ ಬರೋಕೆ ಆರು ತಿಂಗಳು ಬೇಕಾಯ್ತು. ಬೀಜ ಕೊಟ್ಟ ಮೇಲೆ ಅವರು ಅದನ್ನ ಬಿತ್ತಿ ಬೆಳೆದು ತಳಿ ಶುದ್ಧತೆ ನೋಡಿ ಪಾಸು ಮಾಡಬೇಕು, ಅಲ್ಲಿವರೆಗೆ ಮುಂಗಡ ಮಾತ್ರ. ಕೂಲಿ ವಾರಕ್ಕೊಮ್ಮೆ ಕೊಡಲೇಬೇಕು. ಎಫ್‌ಡಿ ಇಲ್ಲದಿದ್ದರೆ ಆ ಸಮಯದಲ್ಲೇ ಪ್ರಾನ್ ಮುಚ್ಚೋ ಆಸೆ ಬರ್ತಿತ್ತು. ಖರ್ಚು ಕಳೆದು ಮೊದಲ ಬೆಳೆಗೆ 90 ಸಾವಿರ ಉಳೀತು, ಎರಡನೇದಕ್ಕೆ ಒಂದೂವರೆ ಲಕ್ಷದ ಮೇಲೆ. ಕಂಪನಿ ಜೊತೆ ದರ ಹೇಗೆ ಮಾತಾಡಿದೆ ಅನ್ನೋದು ನನ್ನ ಬಳಿಯೇ ಇರಲಿ.

ನಡುವೆ ಬ್ಯಾಡಗಿ ಮೆಣಸಿನಕಾಯಿಗೂ ಕೈ ಹಾಕಿದೆ. 2024ರ ಮಾರ್ಚ್‌ನಲ್ಲಿ ದರ ಬಿದ್ದು ಎಪಿಎಂಸಿಯಲ್ಲಿ ವಾಹನಗಳಿಗೆ ಬೆಂಕಿ ಬಿದ್ದದ್ದು ಎಲ್ಲರಿಗೂ ನೆನಪಿದೆ. ಅದಾದ ಮರುವರ್ಷ ಅಗ್ಗಕ್ಕೆ ಸಿಗುತ್ತೆ ಅಂತ ಕೆಲವು ಚೀಲ ಕೊಂಡು ಕೋಲ್ಡ್ ಸ್ಟೋರೇಜಿನಲ್ಲಿಟ್ಟೆ. ಬಾಡಿಗೆ, ಹಮಾಲಿ, ತೂಕ ಇಳಿದದ್ದು ಎಲ್ಲ ಕಳೆದು ಏಳೆಂಟು ಸಾವಿರ ಉಳಿದಿರಬಹುದು. ಮನೆಗೆ ಎರಡು ವರ್ಷಕ್ಕಾಗುವಷ್ಟು ಖಾರದ ಪುಡಿ ಮಾತ್ರ ಆಯ್ತು.

ಹಳೇ ಆಫೀಸಿನ ಇಬ್ಬರು ಈಗ ನೋಟಿಸ್ ಕೊಡೋ ಯೋಚನೆಯಲ್ಲಿದ್ದಾರೆ. ಒಬ್ಬನಿಗೆ ಇನ್ನೂ 15 ವರ್ಷ ಆಗಿಲ್ಲ, ಕಾಯಿ ಅಂದೆ. ಇನ್ನೊಬ್ಬನ ಮನೆ ಸಾಲ ಬಾಕಿ ಇದೆ, ಮಗಳು ಧಾರವಾಡದಲ್ಲಿ ಓದ್ತಿದ್ದಾಳೆ, ಅವಳ ಫೀಸಿಗೆ ಪ್ರಾನ್ ಮುಚ್ತೀನಿ ಅಂತ ಹೊರಟಿದ್ದ. ಮಕ್ಕಳ ಓದಿಗೆ ಸ್ವಂತ ವಂತಿಗೆಯ ಶೇ. 25ರವರೆಗೆ ಭಾಗಶಃ ತೆಗೆಯೋಕೆ ಅವಕಾಶ ಇದೆ, ನೌಕರಿಯಲ್ಲಿದ್ದುಕೊಂಡೇ ಅದನ್ನ ತಗೋ, ಸಾಲ ತೀರಿಸು, ಆಮೇಲೆ ಬಾ ಅಂತ ಹೇಳಿ ಕಳಿಸಿದ್ದೇನೆ.