ಬೀದರಿನ ಹಳೆ ದಫ್ತರ ಹೊಸ ಕಟ್ಟಡಕ್ಕೆ ಹೋದದ್ದು

ನಮ್ಮ ಕಚೇರಿಯ ಹಳೆ ದಾಖಲೆಗಳನ್ನು ಹೊಸ ಕಟ್ಟಡಕ್ಕೆ ಸಾಗಿಸುವ ಕೆಲಸ ನನ್ನ ತಲೆಗೆ ಬಂದಾಗ, ಇದು ಹಮಾಲರ ಕೆಲಸ ಅಂತಲೇ ಅಂದುಕೊಂಡಿದ್ದೆ. ಎರಡು ಟೆಂಪೊ, ಎಂಟು ಜನ, ಒಂದು ವಾರ. ಕೊನೆಗೆ ಹಿಡಿದದ್ದು ಮೂರೂವರೆ ತಿಂಗಳು. ಅದರಲ್ಲಿ ಹೊತ್ತು ಸಾಗಿಸಿದ್ದು 11 ದಿನ ಮಾತ್ರ.

ಬೀದರ್ 1948ರವರೆಗೆ ನಿಜಾಮರ ಕೈಯಲ್ಲಿತ್ತಲ್ಲ, ಹಾಗಾಗಿ ನಮ್ಮಲ್ಲಿರುವುದು ಹೆಚ್ಚಾಗಿ ಉರ್ದು ಕಾಗದ. ಸೇತ್ವಾರ್ ಅಂದರೆ ಸರ್ವೆ ನಂಬರ್‌ವಾರು ಜಮೀನಿನ ಮೂಲ ಪಟ್ಟಿ, ಪಹಣಿ, ಇನಾಮು ಜಮೀನಿನ ಕಡತಗಳು. ಕೆಲವು ಮರಾಠಿಯಲ್ಲಿವೆ, ಅದೂ ಮೋಡಿ ಅನ್ನುವ ಹಳೆಯ ಓಟದ ಲಿಪಿಯಲ್ಲಿ. ಹೊಲ ಯಾರ ಹೆಸರಲ್ಲಿತ್ತು, ಯಾರ ಸ್ವಾಧೀನದಲ್ಲಿತ್ತು ಅಂತ ತೋರಿಸುವ 1954-55ರ ಖಾಸ್ರಾ ಪಹಣಿ ಕೇಳಿಕೊಂಡಂತೂ ದಿನಾ ಜನ ಬರುತ್ತಾರೆ. ಅಣ್ಣತಮ್ಮಂದಿರ ಹೊಲದ ತಕರಾರು ಕೋರ್ಟಿಗೆ ಹೋಯಿತು ಅಂದರೆ ವಕೀಲರು ಮೊದಲು ಅದರ ನಕಲು ತರಲು ಹೇಳುತ್ತಾರೆ.

ಮೊದಲ ದಿನವೇ ಎಡವಿದೆ. ಬಸ್ತಾಗಳ, ಅಂದರೆ ಬಟ್ಟೆಯಲ್ಲಿ ಕಟ್ಟಿಟ್ಟ ಕಾಗದದ ಗಂಟುಗಳ, ಮೇಲೆ ಸೀಮೆಸುಣ್ಣದಲ್ಲಿ ನಂಬರ್ ಬರೆಸಿ, ಟೆಂಪೊಗೆ 60 ಬಸ್ತಾ ಹೇರಿಸಿದೆ. ದಾರಿಯಲ್ಲಿ ಒಂದಕ್ಕೊಂದು ಉಜ್ಜಿ ಸುಣ್ಣವೆಲ್ಲ ಅಳಿಸಿಹೋಗಿತ್ತು. ಇಳಿಸಿ ನೋಡಿದರೆ 60 ಕೆಂಪು ಗಂಟು, ಎಲ್ಲಾ ಒಂದೇ ಥರ. ನಿವೃತ್ತರಾದ ನಮ್ಮ ದಫ್ತರಬಂದ್ (ದಾಖಲೆ ಕಟ್ಟಿಡುವ ನೌಕರ) ಚಾಚಾ ಅವರನ್ನು ಮನೆಯಿಂದ ಕರೆಸಿದೆ. ಅವರ ಕಾಲದಲ್ಲಿ ಪಟ್ಟಿ ಅಂತ ಒಂದಿರಲಿಲ್ಲ. ಹಳ್ಳಿ ಹೆಸರು ಹೇಳಿದರೆ ಸಾಕು, ಕತ್ತಲಲ್ಲೂ ಹೋಗಿ ಬಸ್ತಾ ಎಳೆದು ತರುತ್ತಿದ್ದರು.

ಚಾಚಾ ಗಂಟುಗಳನ್ನು ನೋಡಿ, "ಇವು ಎಲ್ಲಿಂದ ತೆಗೆದೀರಿ ಸಾಹೇಬ್ರ, ಅದು ಹೇಳ್ರಿ. ಒಳಗ ಏನದ ಅಂತ ನಾ ಹೇಳ್ತೀನಿ" ಅಂದರು.

ಎಲ್ಲಿಂದ ತೆಗೆದದ್ದು ಅಂತ ನಮ್ಮಲ್ಲಿ ಯಾರಿಗೂ ನೆನಪಿರಲಿಲ್ಲ. ಬಸ್ತಾ ಕಪಾಟಿನಲ್ಲಿ ಎಲ್ಲಿ ಕೂತಿತ್ತೋ ಅದೇ ಅದರ ವಿಳಾಸ, ನಾವು ಅದನ್ನೇ ಬಿಟ್ಟುಬಂದಿದ್ದೆವು. ಬಿಚ್ಚಿ, ಓದಿಸಿ, ಗುರುತು ಹಿಡಿಯಲು 9 ದಿನ ಹೋಯಿತು.

ಸಾಗಣೆ ನಿಲ್ಲಿಸಿದೆ. ಹಳೆ ಕೋಣೆಯ ನಕ್ಷೆ ಬರೆದೆವು. ಪ್ರತಿ ಕಪಾಟಿಗೆ ಒಂದು ಅಕ್ಷರ, ಅದರ ಪ್ರತಿ ಅರೆಗೆ (ಖಾನೆಗೆ) ಒಂದು ಅಂಕಿ, ಎಡದಿಂದ ಎಷ್ಟನೇ ಬಸ್ತಾ ಅನ್ನುವುದಕ್ಕೆ ಇನ್ನೊಂದು. ಕೈ ಹಚ್ಚುವ ಮೊದಲು ಒಂದೊಂದು ಅರೆಯ ಫೋಟೋ ಮೊಬೈಲಿನಲ್ಲಿ ತೆಗೆದೆವು. ಪ್ರತಿ ಬಸ್ತಾಕ್ಕೂ ಎರಡೆರಡು ಚೀಟಿ, ಒಂದು ಹೊರಗೆ ನೂಲಿನಿಂದ ಕಟ್ಟಿದ್ದು, ಇನ್ನೊಂದು ಒಳಗೆ. ಎರಡೂ ಪೆನ್ಸಿಲಿನಲ್ಲೇ ಬರೆದದ್ದು. ನೀರು ತಾಗಿದರೆ ಪೆನ್ನಿನ ಶಾಯಿ ಹರಡುತ್ತದೆ, ಪೆನ್ಸಿಲ್ ಉಳಿಯುತ್ತದೆ. ಕೆಂಪು ಬಟ್ಟೆಯನ್ನೂ ಬಿಟ್ಟೆವು. ಹಿಂದೆ ಒಂದು ಮಳೆಗಾಲದಲ್ಲಿ ಬಟ್ಟೆಯ ಬಣ್ಣ ಕಾಗದಕ್ಕೆ ಇಳಿದು ಅಂಚೆಲ್ಲ ಕೆಂಪಾಗಿತ್ತು. ಈ ಸಲ ಬಣ್ಣವಿಲ್ಲದ ಕೋರಾ ಬಟ್ಟೆ ತಂದು, ಒಗೆಸಿ ಕಟ್ಟಿದೆವು.

ದಪ್ಪ ರಿಜಿಸ್ಟರುಗಳಿಗೆ ಚೀಟಿ ಅಂಟಿಸಲು ಹುಡುಗರನ್ನು ಬಿಟ್ಟಿದ್ದೆ. ಮಧ್ಯಾಹ್ನ ಚಾಚಾ ಬಂದವರು ನಕ್ಕೇಬಿಟ್ಟರು. ಉರ್ದು ಪುಸ್ತಕ ಬಲಗಡೆಯಿಂದ ಶುರುವಾಗುತ್ತದೆ ಅಲ್ವಾ? ಹುಡುಗರು ಕನ್ನಡ ಪುಸ್ತಕದ ಥರ ಹಿಡಿದು, ಎಲ್ಲಾ ಚೀಟಿಯನ್ನೂ ಕೊನೆಯ ರಟ್ಟಿಗೆ ಅಂಟಿಸಿದ್ದರು. ಕೆಲವಂತೂ ತಲೆಕೆಳಗು. ಮೈದಾ ಗೋಂದು ಇನ್ನೂ ಹಸಿ ಇತ್ತು, ಬಚಾವ್. ಆ ಗೋಂದನ್ನೂ ಆವತ್ತೇ ಬಂದ್ ಮಾಡಿದೆ. ಬೆಳ್ಳಿಹುಳಕ್ಕೆ ಅದು ಹಬ್ಬದೂಟ.

ಎಲ್ಲಕ್ಕಿಂತ ಜಾಸ್ತಿ ತಲೆ ತಿಂದದ್ದು ಫಸಲಿ ಇಸವಿ, ಅಂದರೆ ಹಳೆ ಕಾಗದಗಳಲ್ಲಿರುವ ಕಂದಾಯ ಲೆಕ್ಕದ ವರ್ಷ. ಫಸಲಿಗೆ 590 ಸೇರಿಸಿದರೆ ಇಂಗ್ಲಿಷ್ ಇಸವಿ ಬರುತ್ತದೆ ಅಂತ ಕಚೇರಿಯಲ್ಲಿ ಎಲ್ಲರೂ ಬಾಯಿಪಾಠ ಮಾಡಿದ್ದಾರೆ. ಅದು ಅರ್ಧ ಸರಿ. ಹೈದರಾಬಾದ್ ಸಂಸ್ಥಾನದ ಫಸಲಿ ವರ್ಷ ಅಕ್ಟೋಬರಿನಲ್ಲಿ, ಆಜರ್ ತಿಂಗಳಿಂದ ಶುರು. ಡಿಸೆಂಬರ್ ಮುಗಿಯುವವರೆಗೆ 590 ನಡೆಯುತ್ತದೆ, ಜನವರಿಯಿಂದ 591 ಸೇರಿಸಬೇಕು. ಸೆಪ್ಟೆಂಬರ್ 1948ರಲ್ಲಿ, ಭಾರತದ ಸೈನ್ಯ ಹೈದರಾಬಾದ್ ಸಂಸ್ಥಾನಕ್ಕೆ ನುಗ್ಗಿದ ಪೊಲೀಸ್ ಆಕ್ಷನ್ ನಡೆದ ತಿಂಗಳಲ್ಲಿ, ಕಾಗದದ ಮೇಲೆ ಬರೆಯುತ್ತಿದ್ದದ್ದು 1357 ಫಸಲಿ. ಸುಮ್ನೆ 590 ಕೂಡಿಸಿದರೆ ಅದು 1947 ಆಗುತ್ತದೆ. ಹಾಗೆ ಕೂಡಿಸಿ ಹೋದವರು ಒಂದು ವರ್ಷದ ಹಿಂದಿನ ಬಸ್ತಾದಲ್ಲಿ ಹುಡುಕಿ, ದಾಖಲೆ ಸಿಗಲಿಲ್ಲ ಅಂತ ಬರೆದು ಕಳಿಸುತ್ತಾರೆ. ಅದಕ್ಕೆ ಚೀಟಿಯ ಮೇಲೆ ಫಸಲಿಯನ್ನು ಮೂಲದಲ್ಲಿದ್ದಂತೆ ಬರೆಸಿದೆ. ಲೆಕ್ಕ ಹಾಕಿದ ಇಸವಿ ಪಟ್ಟಿಯಲ್ಲಿ ಬೇರೆ ಕಾಲಮ್ಮಿನಲ್ಲಿರಲಿ ಅಂತ ಮಾಡಿದೆ.

ಉದಗೀರ, ನಿಲಂಗಾ ಕಡೆಯ ಹಳ್ಳಿಗಳ ಒಂದಿಷ್ಟು ಬಸ್ತಾ ಸಿಕ್ಕವು. 1956ರಲ್ಲಿ ರಾಜ್ಯಗಳು ಬೇರೆಯಾದಾಗ ಬೀದರ್ ಜಿಲ್ಲೆ ಮೂರು ಪಾಲಾಯಿತು. ಆ ಕಡೆಯ ಊರುಗಳು ಆಗಿನ ಮುಂಬಯಿ ರಾಜ್ಯದ (ಈಗಿನ ಮಹಾರಾಷ್ಟ್ರದ) ಪಾಲಿಗೆ ಹೋದವು, ಜಹೀರಾಬಾದ್, ನಾರಾಯಣಖೇಡ್ ಕಡೆಯವು ಆಗಿನ ಆಂಧ್ರದ (ಈಗಿನ ತೆಲಂಗಾಣದ) ಪಾಲಿಗೆ. ಊರು ಹೋಯಿತು, ಈ ಕಾಗದ ಇಲ್ಲೇ ಉಳಿಯಿತು. ನಮ್ಮದಲ್ಲ ಅಂತ ಮೂಲೆಗೆ ತಳ್ಳೋಣ ಅಂದವರಿದ್ದರು. ನಾನು ಒಪ್ಪಲಿಲ್ಲ. ಅವಕ್ಕೂ ಒಂದು ಕಪಾಟು ಕೊಟ್ಟು ಪಟ್ಟಿಗೆ ಸೇರಿಸಿದೆ.

ಇನ್ನು ಹೊಸ ಕಟ್ಟಡದ ಕತೆ. ದಾಖಲೆ ಕೋಣೆ ನೆಲಮಹಡಿಯಲ್ಲಿತ್ತು, ಒಳ್ಳೆಯದೇ, ಕಾಗದದ ಭಾರ ಮೇಲಿನ ಮಹಡಿಗೆ ಹೊರೆಯಾಗುತ್ತಿತ್ತು. ಆದರೆ ಮೇಲಿನ ಶೌಚಾಲಯದ ಪೈಪು ಸರಿಯಾಗಿ ನಮ್ಮ ಕಪಾಟಿನ ನೆತ್ತಿಯ ಮೇಲೆ ಹಾದಿತ್ತು. ಪಕ್ಕದ ಕೋಣೆಯಲ್ಲಿ ಜನರೇಟರಿನ ಡೀಸೆಲ್ ಇಡುವ ಯೋಜನೆ ಬೇರೆ. ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನ್ ನಮ್ಮೂರಲ್ಲಿ ಕಟ್ಟಿಸಿದ ಮದರಸಾದಲ್ಲಿ 3,000 ಪುಸ್ತಕ ಇದ್ದವಂತೆ. ಔರಂಗಜೇಬನ ಕಾಲಕ್ಕೆ ಅಲ್ಲಿ ಸಿಡಿಮದ್ದು ತುಂಬಿಟ್ಟಿದ್ದರು, ಸಿಡಿದು ಕಟ್ಟಡದ ದೊಡ್ಡ ಭಾಗವೇ ಬಿತ್ತು. ಅದನ್ನು ದಿನಾ ನೋಡುತ್ತಾ ಓಡಾಡುವ ಬೀದರಿನವರು ಡೀಸೆಲ್ಲನ್ನು ದಫ್ತರದ ಪಕ್ಕ ಇಡುತ್ತಾರಾ? ಇದನ್ನೇ ಮೀಟಿಂಗಿನಲ್ಲಿ ಹೇಳಿದೆ. ಡೀಸೆಲ್ ಹೊರಗಿನ ಶೆಡ್ಡಿಗೆ ಹೋಯಿತು. ಪೈಪು ತಿರುಗಿಸಲು ಮಾತ್ರ ಒಂದೂವರೆ ತಿಂಗಳು ಪತ್ರ ಬರೆದೆ. ಅದೂ ಒಂದು ಲೆಕ್ಕದಲ್ಲಿ ಒಳ್ಳೆಯದಾಯಿತು, ಹಸಿ ಗೋಡೆ ಒಣಗಲು ಹೊತ್ತು ಸಿಕ್ಕಿತು. ಕಪಾಟುಗಳನ್ನು ಗೋಡೆಗೆ ಆನಿಸದೆ, ಒಂದು ಗೇಣು ಬಿಟ್ಟು ನಿಲ್ಲಿಸಿದೆವು. ಕೆಳಗಿನ ಅರೆಯನ್ನೂ ನೆಲದಿಂದ ಅಷ್ಟೇ ಎತ್ತರಕ್ಕೆ ಇಟ್ಟೆವು.

ಸಾಗಿಸಿದ್ದು ಮೇ ತಿಂಗಳಲ್ಲಿ. ಕೋರ್ಟಿಗೆ ಬೇಸಿಗೆ ರಜೆ, ನಕಲು ಕೇಳುವವರು ಕಡಿಮೆ. ಬೆಳಿಗ್ಗೆ 6ಕ್ಕೆ ಶುರು, 11ಕ್ಕೆ ಬಂದ್. ಸಂಜೆ ಗಾಳಿಮಳೆ ಯಾವಾಗ ನುಗ್ಗುತ್ತದೋ ಹೇಳಲಾಗದು. ಒಂದು ಅರೆ ಖಾಲಿಯಾದರೆ ಅದೇ ಕ್ರಮದಲ್ಲಿ ಒಂದು ಅರೆ ತುಂಬಬೇಕು, ಅಲ್ಲಿಯವರೆಗೆ ಮುಂದಿನ ಟೆಂಪೊ ಹೊರಡುವಂತಿಲ್ಲ. ಎರಡೂ ಕಡೆ ಒಬ್ಬೊಬ್ಬರು ರಿಜಿಸ್ಟರ್ ಹಿಡಿದು ನಿಂತು ಟಿಕ್ ಹಾಕುತ್ತಿದ್ದರು. ಹಮಾಲರಿಗೆ ಗಂಟಿನ ಲೆಕ್ಕದಲ್ಲಿ ಕೂಲಿ ಕೊಡಬೇಡಿ, ದಿನಗೂಲಿ ಕೊಡಿ. ಗಂಟಿನ ಲೆಕ್ಕ ಅಂದರೆ ಎಸೆಯುತ್ತಾರೆ.

ಆ ಮೊದಲ 60ರಲ್ಲಿ 58ರ ಜಾಗ ಸಿಕ್ಕಿತು. ಉಳಿದ ಎರಡರಲ್ಲಿ ಊರಿನ ಹೆಸರಿರುವ ಹಾಳೆಯನ್ನೇ ಹುಳ ತಿಂದಿದೆ. ಅವು ಕೊನೆಯ ಕಪಾಟಿನಲ್ಲಿ ಕೂತಿವೆ, ಚೀಟಿಯ ಮೇಲೆ 'ಮೊದಲ ಟೆಂಪೊ' ಅಂತಷ್ಟೇ ಬರೆದಿದೆ. ಚಾಚಾ ಈ ಕಡೆ ಬಂದಾಗಲೆಲ್ಲ ಒಂದನ್ನು ಬಿಚ್ಚಿ, ಕನ್ನಡಕ ಹಣೆಗೇರಿಸಿ, ನಾಲ್ಕು ಹಾಳೆ ಓದಿ ಹೋಗುತ್ತಾರೆ.