ವಾಲ್ವ್ ಡ್ಯಾಕ್‌ನ ತೆಳು ಧ್ವನಿಗೆ ಔಟ್‌ಪುಟ್ ಕೆಪಾಸಿಟರ್ ಬದಲಾವಣೆ

ನನ್ನದು ಕಡಿಮೆ ಬೆಲೆಯ ಡ್ಯಾಕ್ (ಡಿಜಿಟಲ್ ಸಂಗೀತವನ್ನು ಅನಲಾಗ್ ಸಂಕೇತವಾಗಿಸುವ ಸಾಧನ), ಔಟ್‌ಪುಟ್‌ನಲ್ಲಿ 6ಎನ್3 ವಾಲ್ವ್ (ನಿರ್ವಾತ ಕೊಳವೆ). ಆಂಪ್ಲಿಫೈಯರ್‌ಗೆ ಜೋಡಿಸಿದರೆ ಮೃದಂಗದ ಗುಮ್ಕಿ ಮಾಯ, ತಂಬೂರಿಯ ಮಂದ್ರ ತಂತಿ ಸೊರಗಿತ್ತು.

6ಎನ್3 ಜಾಗಕ್ಕೆ ಹೊಂದುವ ಹಳೆಯ 5670 ವಾಲ್ವ್ ಹಾಕಿದೆ. ಯುಎಸ್‌ಬಿ ಕೇಬಲ್, ಅಡಾಪ್ಟರ್ ಎರಡನ್ನೂ ಬದಲಿಸಿದೆ. ಯಾವುದರಿಂದಲೂ ಪ್ರಯೋಜನವಾಗಲಿಲ್ಲ. ದುಬಾರಿ ವಾಲ್ವ್‌ಗೆ ದಯವಿಟ್ಟು ಮೊದಲೇ ದುಡ್ಡು ಸುರಿಯಬೇಡಿ.

ತೊಡಕಿದ್ದದ್ದು ವಾಲ್ವ್‌ನಿಂದ ಔಟ್‌ಪುಟ್ ಸಾಕೆಟ್‌ಗೆ ಹೋಗುವ 0.22 ಮೈಕ್ರೋಫ್ಯಾರಡ್ ಕಪ್ಲಿಂಗ್ ಕೆಪಾಸಿಟರ್‌ನಲ್ಲಿ (ಡಿಸಿ, ಅಂದರೆ ಏಕಮುಖ ವಿದ್ಯುತ್ತನ್ನು ತಡೆದು ಧ್ವನಿ ಸಂಕೇತವನ್ನಷ್ಟೇ ಬಿಡುವ ಭಾಗ). ನನ್ನ ಆಂಪ್ಲಿಫೈಯರ್‌ನ ಇನ್‌ಪುಟ್ ಇಂಪಿಡೆನ್ಸ್ (ಒಳಬರುವ ಸಂಕೇತಕ್ಕೆ ಅದು ಒಡ್ಡುವ ತಡೆ) 10 ಕಿಲೋಓಮ್. ಇವೆರಡೂ ಸೇರಿದರೆ ಸುಮಾರು 72 ಹರ್ಟ್ಸ್‌ನಲ್ಲೇ ಧ್ವನಿ 3 ಡೆಸಿಬಲ್ ಇಳಿದಿರುತ್ತದೆ. ಅದರ ಕೆಳಗೆ ಇನ್ನಷ್ಟು. ನಿಮ್ಮದು 47 ಕಿಲೋಓಮ್ ಆಗಿದ್ದರೆ ಇದೇ ಕೆಪಾಸಿಟರ್ ಸುಮಾರು 15 ಹರ್ಟ್ಸ್‌ವರೆಗೆ ಸಾಕಾಗುತ್ತದೆ, ಬಿಚ್ಚುವ ಅಗತ್ಯವೇ ಇಲ್ಲ.

ಹಾಕಿದ್ದು 2.2 ಮೈಕ್ರೋಫ್ಯಾರಡ್, 250 ವೋಲ್ಟ್ ಪಾಲಿಪ್ರೊಪಿಲೀನ್ ಕೆಪಾಸಿಟರ್, ಎಡಕ್ಕೊಂದು ಬಲಕ್ಕೊಂದು. ಮಿತಿ 7 ಹರ್ಟ್ಸ್‌ಗೆ ಇಳಿಯಿತು. ನೀವು ಮಾಡುವುದಾದರೆ ಮೊದಲು ಪ್ಲಗ್ ಕಿತ್ತು, ಆಮೇಲೂ ವಿದ್ಯುತ್ ಹಿಡಿದಿಡುವ ಪವರ್ ಸಪ್ಲೈನ ಫಿಲ್ಟರ್ ಕೆಪಾಸಿಟರ್‌ಗಳನ್ನು 10 ಕಿಲೋಓಮ್, 2 ವ್ಯಾಟ್ ರೆಸಿಸ್ಟರ್ ಮೂಲಕ ಖಾಲಿ ಮಾಡಿ, ಮೀಟರ್ ಶೂನ್ಯದ ಹತ್ತಿರ ತೋರಿಸಿದ ಮೇಲೆಯೇ ಕೈ ಹಾಕಿ. ಬೆಸುಗೆಯ ಬಳಿಕ ಕೆಪಾಸಿಟರ್‌ನ ಔಟ್‌ಪುಟ್ ಬದಿಯಿಂದ ಗ್ರೌಂಡ್‌ಗೆ 100 ಕಿಲೋಓಮ್ ರೆಸಿಸ್ಟರ್ ಇದೆಯೇ ನೋಡಿ, ಇಲ್ಲದಿದ್ದರೆ ಸೇರಿಸಿ. ಆಂಪ್ಲಿಫೈಯರ್ ಜೋಡಿಸದೆ ಡ್ಯಾಕ್ ಚಾಲೂ ಮಾಡಿ, ಐದು ನಿಮಿಷ ಬಿಟ್ಟು ಔಟ್‌ಪುಟ್‌ನ ಡಿಸಿ ಅಳೆಯಿರಿ: ಕೆಲವೇ ಮಿಲಿವೋಲ್ಟ್ ಇರಬೇಕು. ಕೆಪಾಸಿಟರ್ ದೊಡ್ಡದಾದಷ್ಟೂ ಆರಂಭದ ಧಡಕ್ ಸದ್ದು ಜೋರು. ಆದ್ದರಿಂದ ಡ್ಯಾಕ್ ಮೊದಲು, ಒಂದು ನಿಮಿಷದ ನಂತರ ಆಂಪ್ಲಿಫೈಯರ್. ಆರಿಸುವಾಗ ಆಂಪ್ಲಿಫೈಯರ್ ಮೊದಲು.